ತಾಮ್ರಕ್ಕೆ ತಿದ್ದುಪಡಿ ಇಲ್ಲ

ಸಾಮಾನ್ಯ ಚಿಪ್ಪೊಂದರ ಹಣೆಬರಹ ಕಾರ್ಖಾನೆಯಲ್ಲೇ ಬರೆದು ಮುಗಿದಿರುತ್ತದೆ. ಕೈಗಡಿಯಾರಕ್ಕೆಂದು ಮಾಡಿದ ಚಿಪ್ ನಾಳೆ ರೇಡಿಯೋ ಆಗಲಾರದು. 1985ರಲ್ಲಿ ಕ್ಯಾಲಿಫೋರ್ನಿಯಾದ ಝೈಲಿಂಕ್ಸ್ ಕಂಪನಿ ಈ ಕಟ್ಟನ್ನು ಮುರಿಯಿತು. ಅದರ ಸ್ಥಾಪಕರಲ್ಲೊಬ್ಬರಾದ ರಾಸ್ ಫ್ರೀಮನ್ ಕಲ್ಪಿಸಿದ ಎಕ್ಸ್‌ಸಿ2064 ಚಿಪ್ಪಿನಲ್ಲಿ 64 ತರ್ಕದ ಬ್ಲಾಕ್‌ಗಳಿದ್ದವು. ಯಾವ ಬ್ಲಾಕ್ ಏನು ಮಾಡಬೇಕು, ಯಾವುದಕ್ಕೆ ಯಾವುದು ಜೋಡಣೆಯಾಗಬೇಕು ಎನ್ನುವುದನ್ನು ಚಿಪ್ ಕೊಂಡವರೇ ತೀರ್ಮಾನಿಸಬಹುದಿತ್ತು, ಬೇಡವೆನಿಸಿದರೆ ಬದಲಿಸಲೂಬಹುದಿತ್ತು. ಇಂಥ ಚಿಪ್ಪುಗಳಿಗೆ ಈಗ ಎಫ್‌ಪಿಜಿಎ ಎನ್ನುತ್ತಾರೆ.

ಒಳಗಿನ ಗುಟ್ಟು ತೀರಾ ಸರಳ. ಇಂದಿನ ಸಣ್ಣ ಎಫ್‌ಪಿಜಿಎಗಳಲ್ಲಿ ಪ್ರತಿ ತರ್ಕಕೋಶವೂ ಹದಿನಾರು ಮನೆಗಳ ಒಂದು ಪುಟ್ಟ ಕೋಷ್ಟಕ. ನಾಲ್ಕು ತಂತಿ ಒಳಗೆ ಬರುತ್ತವೆ. ಅವುಗಳ ಸೊನ್ನೆ-ಒಂದುಗಳು ಸೇರಿ ಹದಿನಾರರಲ್ಲಿ ಒಂದು ಮನೆಯನ್ನು ತೋರಿಸುತ್ತವೆ, ಅಲ್ಲಿ ಬರೆದಿಟ್ಟದ್ದೇ ಉತ್ತರ. ಹದಿನಾರು ಮನೆಗಳನ್ನು 65,536 ಬಗೆಯಲ್ಲಿ ತುಂಬಬಹುದಾದ್ದರಿಂದ ನಾಲ್ಕು ತಂತಿಗಳ ನಡುವೆ ಸಾಧ್ಯವಿರುವ ಯಾವ ತರ್ಕವೂ ಇದರಿಂದ ತಪ್ಪಿಸಿಕೊಳ್ಳದು. ಲ್ಯಾಟಿಸ್ ಕಂಪನಿಯ ಐಸ್40 ಕುಟುಂಬದ ಯುಪಿ5ಕೆ ಎಂಬ ಚಿಪ್ಪಿನಲ್ಲಿ ಇಂಥ 5,280 ಕೋಷ್ಟಕಗಳಿವೆ. ಉಗುರಿನಷ್ಟಗಲದ, 7 ಮಿಲಿಮೀಟರ್ ಚೌಕದ, 48 ಕಾಲುಗಳ ಕಪ್ಪು ತುಂಡು ಅದು.

ಕಲಿಯಲು, ಇಂಥ ಚಿಪ್ ಕೂರಿಸಿದ ಸಿದ್ಧ ಬೋರ್ಡುಗಳು ಸಿಗುತ್ತವೆ. ನಮ್ಮದೇ ಬೋರ್ಡ್ ಬೇಕೆನಿಸುವುದು ಕೆಲಸ ನಿರ್ದಿಷ್ಟವಾದಾಗ. ಶಬ್ದ ಯಾವ ದಿಕ್ಕಿನಿಂದ ಬಂತೆಂದು ಹೇಳುವ ಉಪಕರಣವೊಂದು ಬೇಕು ಎನ್ನೋಣ. ಎಂಟು ಡಿಜಿಟಲ್ ಮೈಕ್ರೋಫೋನುಗಳನ್ನು ಸುತ್ತ ಇಟ್ಟು, ಯಾವುದಕ್ಕೆ ಶಬ್ದ ಮೊದಲು ತಲುಪಿತೆಂದು ಅಳೆಯಬೇಕು. ಶಬ್ದ ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಹಾಗಾಗಿ 5 ಸೆಂಟಿಮೀಟರ್ ಅಂತರದ ಎರಡು ಮೈಕುಗಳ ನಡುವೆ ಸಿಗುವ ವ್ಯತ್ಯಾಸ ಹೆಚ್ಚೆಂದರೆ ಮಿಲಿಸೆಕೆಂಡಿನ ಏಳನೇ ಒಂದು ಪಾಲು. ಎಂಟನ್ನೂ ಒಂದೇ ಗಳಿಗೆಯಲ್ಲಿ ಓದದೆ ಗತಿಯಿಲ್ಲ. ಸರತಿಯಲ್ಲಿ ಕೆಲಸ ಮಾಡುವ ಪುಟ್ಟ ಪ್ರೊಸೆಸರಿಗೆ ಇದು ತಿಣುಕಾಟ, ಎಲ್ಲವನ್ನೂ ಏಕಕಾಲಕ್ಕೆ ಮಾಡುವ ಎಫ್‌ಪಿಜಿಎಗೆ ಲೀಲಾಜಾಲ.

ಹೊಸಬರು ಎಡವುವ ಜಾಗ ಇಲ್ಲಿದೆ. ಚಿಪ್ಪನ್ನು ಎಷ್ಟು ಸಲವಾದರೂ ಬದಲಿಸಬಹುದು ಎಂಬ ಭರವಸೆಯಲ್ಲಿ ಬೋರ್ಡನ್ನೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ತರ್ಕದ ತಪ್ಪನ್ನು ರಾತ್ರಿ ಹನ್ನೊಂದಕ್ಕೆ ಕಂಡುಹಿಡಿದು ಹನ್ನೊಂದೂ ಕಾಲಿಗೆ ಸರಿಪಡಿಸಬಹುದು. ಬೋರ್ಡಿನ ತಾಮ್ರದ ದಾರಿಗಳ ತಪ್ಪಿಗೆ ಹೊಸ ಬೋರ್ಡೇ ಬರಬೇಕು. ಆದ್ದರಿಂದ ನಕ್ಷೆ ಬರೆಯುವವನ ಶ್ರಮದ ಬಹುಪಾಲು ಆಮೇಲೆ ತಿದ್ದಲಾಗದ ಸಂಗತಿಗಳಿಗೇ ಹೋಗಬೇಕು: ವಿದ್ಯುತ್ ಪೂರೈಕೆ, ಗ್ರೌಂಡ್, ಚಿಪ್ ಎಚ್ಚರಗೊಳ್ಳುವ ಬಗೆ. ಮೈಕಿನಿಂದ ಬರುವ ಬಿಟ್ಟುಗಳನ್ನು ಸೋಸುವ ಗಣಿತ ಎಷ್ಟೇ ಆಕರ್ಷಕವಾಗಿದ್ದರೂ ಅದನ್ನು ಬೋರ್ಡ್ ಕೈಗೆ ಬಂದ ಮೇಲೂ ಬರೆಯಬಹುದು.

ಮೊದಲು ವಿದ್ಯುತ್ತು. ಯುಪಿ5ಕೆಯ 48 ಕಾಲುಗಳಲ್ಲಿ 39 ನಮ್ಮ ಬಳಕೆಗೆ. ಉಳಿದ ಒಂಬತ್ತರಲ್ಲಿ ಏಳು ವಿದ್ಯುತ್ ಪೂರೈಕೆಯವು. ಹಾಗಾದರೆ ಗ್ರೌಂಡ್ ಎಲ್ಲಿ? ಚಿಪ್ಪಿನ ಹೊಟ್ಟೆಯಡಿ ಇರುವ ಲೋಹದ ಚೌಕವೇ ಗ್ರೌಂಡ್, ಬೇರೆ ಗ್ರೌಂಡ್ ಕಾಲೇ ಇಲ್ಲ. ಅದು ಶಾಖ ಹೊರಹೋಗಲು ಮಾತ್ರ ಎಂದುಕೊಂಡು ಬೆಸುಗೆ ಬಿಟ್ಟರೆ ಚಿಪ್ ಉಸಿರೆತ್ತುವುದಿಲ್ಲ. ಒಳಗಿನ ತರ್ಕಕ್ಕೆ 1.2 ವೋಲ್ಟ್, ಹೊರಗಿನ ಪಿನ್ನುಗಳಿಗೆ ಸಾಮಾನ್ಯವಾಗಿ 3.3 ವೋಲ್ಟ್. ಪಿನ್ನುಗಳು ಮೂರು ಗುಂಪುಗಳಾಗಿ ಹಂಚಿಹೋಗಿವೆ, ಒಂದೊಂದು ಗುಂಪಿಗೂ ಅದರದೇ ವೋಲ್ಟೇಜ್ ಕೊಡಬಹುದು. ಹಾಗಾಗಿ 1.8 ವೋಲ್ಟಿನ ಮೈಕುಗಳಿದ್ದರೆ ಅವನ್ನೆಲ್ಲ ಒಂದೇ ಗುಂಪಿಗೆ ಸೇರಿಸುವ ನಿರ್ಧಾರ ನಕ್ಷೆಗೂ ಮೊದಲೇ ಆಗಿರಬೇಕು.

ಆ ಪೂರೈಕೆಯ ಕಾಲುಗಳ ಪಕ್ಕದಲ್ಲಿ ಸಾಸಿವೆಯಷ್ಟೇ ಎನ್ನಬಹುದಾದ ಕೆಪಾಸಿಟರುಗಳು ಕೂರುತ್ತವೆ. 100 ನ್ಯಾನೋಫ್ಯಾರಡ್‌ನವು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಹಾದ ಕಾಸಿಗೆ ಹಿಡಿಯಷ್ಟು ಸಿಗುವ ಸಾಮಾನು. ಬೆಲೆ ನೋಡಿ ಇವನ್ನು ಉಪೇಕ್ಷಿಸಬಾರದು. ಕೆಳಗೆ ಗ್ರೌಂಡ್ ಪದರವಿಲ್ಲದ ತೆಳು ತಾಮ್ರದ ದಾರಿ ಮಿಲಿಮೀಟರಿಗೆ ಸುಮಾರು 1 ನ್ಯಾನೋಹೆನ್ರಿಯಷ್ಟು ಪ್ರೇರಕತ್ವ ತೋರುತ್ತದೆ, ಅಂದರೆ ಪ್ರವಾಹ ದಿಢೀರನೆ ಬದಲಾಗುವುದನ್ನು ವಿರೋಧಿಸುತ್ತದೆ. ಸಾವಿರಾರು ಕೋಷ್ಟಕಗಳು ಒಟ್ಟಿಗೆ ಮಗ್ಗುಲು ಬದಲಿಸಿ, ಒಂದು ನ್ಯಾನೋಸೆಕೆಂಡಿನಲ್ಲಿ 50 ಮಿಲಿಆಂಪಿಯರ್ ಹೆಚ್ಚುವರಿ ಪ್ರವಾಹ ಬೇಕೆಂದವು ಎನ್ನಿ. ದಾರಿ ಹತ್ತು ಮಿಲಿಮೀಟರ್ ಇದ್ದರೆ ಅದರಲ್ಲೇ ಅರ್ಧ ವೋಲ್ಟ್ ಸೋರಿಹೋಗುತ್ತದೆ. 1.2 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಉಳಿಯುವುದೇನು? ಬೀದಿಯ ಕೊಳಾಯಿಯನ್ನು ನಂಬಿ ಯಾರೂ ಸ್ನಾನಕ್ಕಿಳಿಯುವುದಿಲ್ಲ, ಬಚ್ಚಲಲ್ಲಿ ಹಂಡೆ ತುಂಬಿರಬೇಕು. ಕೆಪಾಸಿಟರಿನ ಕೆಲಸ ಅದೇ. ಅದು ಕಾಲಿನಿಂದ ಒಂದೆರಡು ಮಿಲಿಮೀಟರಿನೊಳಗೆ ಇದ್ದರಷ್ಟೇ ಉಪಯೋಗ. ಬೋರ್ಡಿನ ಮೂಲೆಯಲ್ಲಿ ಸಾಲಾಗಿ ಚೆಂದಕ್ಕೆ ಜೋಡಿಸಿಟ್ಟ ಕೆಪಾಸಿಟರುಗಳನ್ನು ಕಂಡಾಗ ಅದನ್ನು ಬರೆದವನು ಡೇಟಾಶೀಟಿನ ಚಿತ್ರ ನೋಡಿದ್ದಾನೆ, ಓದಿಲ್ಲ ಎಂದೇ ನನಗನಿಸುತ್ತದೆ.

ಗ್ರೌಂಡ್ ವಿಷಯದಲ್ಲಿ ಇನ್ನೊಂದು ಅಚ್ಚರಿ. ಶಾಲೆಯ ಪಾಠದಂತೆ ಪ್ರವಾಹ ಹೋದ ಮೇಲೆ ಮರಳಬೇಕು. ಮರಳುವುದು ಎಲ್ಲಿಂದ? ನಿಧಾನಗತಿಯ ಪ್ರವಾಹ ರೋಧ ಕಡಿಮೆಯಿರುವ ದಾರಿಗಳಲ್ಲೆಲ್ಲ ಹರಡಿಕೊಳ್ಳುತ್ತದೆ. ಚುರುಕಾಗಿ ಏರಿಳಿಯುವ ಸಂಕೇತದ ಮರುಪ್ರವಾಹ ಮಾತ್ರ ತಾನು ಹೋದ ದಾರಿಯ ನೇರ ಕೆಳಗೆ, ಗ್ರೌಂಡ್ ಪದರದಲ್ಲಿ ಅದರ ನೆರಳಿನಂತೆಯೇ ಹಿಂದಿರುಗುತ್ತದೆ. ಮಧ್ಯೆ ಗ್ರೌಂಡ್ ಪದರವನ್ನು ಸೀಳಿ ಬೇರಾವುದೋ ತಂತಿ ಎಳೆದಿದ್ದರೆ ಅದು ಸುತ್ತುಬಳಸಬೇಕಾಗುತ್ತದೆ. ಆ ಸುತ್ತೇ ಪುಟ್ಟ ಆಂಟೆನಾ ಆಗಿ ಪಕ್ಕದ ಮೈಕಿನ ದಾರಿಗೆ ಗದ್ದಲ ಚೆಲ್ಲುತ್ತದೆ. ಇದಕ್ಕೇ ನಾಲ್ಕು ಪದರಗಳ ಬೋರ್ಡ್ ಆರಿಸಿ, ಒಳಪದರವೊಂದನ್ನು ಎಲ್ಲೂ ಸೀಳದೆ ಗ್ರೌಂಡಿಗೇ ಮೀಸಲಿಡುವುದು. ಎರಡು ಪದರಗಳಲ್ಲೂ ಮಾಡಬಹುದು, ಮಾಡಿದವರಿದ್ದಾರೆ. ಉಳಿಯುವ ಹಣಕ್ಕಿಂತ ಆಗುವ ತಲೆನೋವು ದೊಡ್ಡದು.

ಮೈಕುಗಳಿಗೆ ಹೋಗುವ ಗಡಿಯಾರದ ಸಂಕೇತ ಸುಮಾರು 3 ಮೆಗಾಹರ್ಟ್ಸ್ ಮಾತ್ರ. ಇಷ್ಟು ನಿಧಾನದ್ದಕ್ಕೆ ಚಿಂತೆ ಯಾಕೆ ಎನ್ನಬಹುದು. ಲೆಕ್ಕಕ್ಕೆ ಬರುವುದು ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎನ್ನುವುದಲ್ಲ, ಒಂದು ಬದಲಾವಣೆ ಎಷ್ಟು ಕಡಿದಾಗಿದೆ ಎನ್ನುವುದು. ಎಫ್‌ಪಿಜಿಎ ಪಿನ್ ಸೊನ್ನೆಯಿಂದ ಒಂದಕ್ಕೆ ಒಂದೆರಡು ನ್ಯಾನೋಸೆಕೆಂಡಿನಲ್ಲಿ ಜಿಗಿಯುತ್ತದೆ. ಬೋರ್ಡಿನ ಮೇಲೆ ಸಂಕೇತ ನ್ಯಾನೋಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಓಡುತ್ತದೆ. ದಾರಿ ಕೆಲವೇ ಸೆಂಟಿಮೀಟರ್ ದಾಟಿದರೂ ತುದಿಯಿಂದ ಪ್ರತಿಫಲನ ಮರಳಿ ಬಂದು, ಮೈಕು ಒಂದೇ ಜಿಗಿತವನ್ನು ಎರಡೆಂದು ಎಣಿಸಬಹುದು. ಹೊರಡುವಲ್ಲೇ 33 ಓಮ್‌ನ ರೋಧಕವೊಂದನ್ನಿಟ್ಟರೆ ಜಿಗಿತ ಪಳಗುತ್ತದೆ. ಎಂಟು ಮೈಕಿಗೂ ಒಂದೇ ತಂತಿಯನ್ನು ಕವಲೊಡೆಸುವ ಗೋಜೂ ಬೇಡ. ಇಂಥ ಮೈಕುಗಳು ಎರಡೆರಡಾಗಿ ಒಂದೇ ತಂತಿಯಲ್ಲಿ ಮಾತಾಡುತ್ತವೆ: ಗಡಿಯಾರ ಏರುವಾಗ ಒಂದರದು, ಇಳಿಯುವಾಗ ಇನ್ನೊಂದರದು. ಪಿನ್ನುಗಳಿಗೆ ಬರವಿಲ್ಲದ್ದರಿಂದ ಪ್ರತಿ ಜೋಡಿಗೂ ಪ್ರತ್ಯೇಕ ಗಡಿಯಾರದ ಪಿನ್, ಅದರ ಬುಡದಲ್ಲೊಂದು ರೋಧಕ. ನಾಲ್ಕೂ ಒಟ್ಟಿಗೇ ಬಡಿಯುವಂತೆ ಚಿಪ್ಪಿಗೆ ಹೇಳಿದರಾಯಿತು.

ಬೋರ್ಡ್ ಬರೆಯುವವನಿಗೆ ಎಫ್‌ಪಿಜಿಎ ಕೊಡುವ ದೊಡ್ಡ ವರವೂ ಪಿನ್ನುಗಳನ್ನು ಬೇಕಾದಂತೆ ಆರಿಸಿಕೊಳ್ಳುವ ಈ ಸ್ವಾತಂತ್ರ್ಯವೇ. ಬೇರೆ ಚಿಪ್ಪುಗಳಲ್ಲಿ ಯಾವ ಕಾಲು ಯಾವುದಕ್ಕೆ ಎನ್ನುವುದು ಬಹುಮಟ್ಟಿಗೆ ಕಲ್ಲಿನ ಮೇಲೆ ಕೊರೆದದ್ದು. ದಾರಿಗಳು ಒಂದನ್ನೊಂದು ದಾಟುವಾಗ ರಂಧ್ರ ಕೊರೆದು ಕೆಳಪದರಕ್ಕಿಳಿದು ಮತ್ತೆ ಮೇಲೇಳಬೇಕು. ಇಲ್ಲಿ ಹಾಗಿಲ್ಲ. ಮೈಕ್ ಬೋರ್ಡಿನ ಎಡಕ್ಕಿದ್ದರೆ ಚಿಪ್ಪಿನ ಎಡದ ಕಾಲು ಹಿಡಿಯಿರಿ, ನೆಟ್ಟಗೆ ಗೆರೆ ಎಳೆಯಿರಿ, ಆಮೇಲೆ ಪಿನ್ ಪಟ್ಟಿಯ ಕಡತದಲ್ಲಿ ಒಂದು ಸಾಲು ಬದಲಿಸಿ. ಪಳಗಿದವರು ಎಷ್ಟೋ ಸಲ ಮೊದಲು ದಾರಿ ಎಳೆದು, ಪಿನ್ನಿನ ಹೆಸರನ್ನು ಕೊನೆಗೆ ಬರೆಯುತ್ತಾರೆ. ಕೆಲವು ವಿನಾಯಿತಿಗಳಿವೆ. ಚಿಪ್ಪಿಗೆ ಬರುವ ಮುಖ್ಯ ಗಡಿಯಾರ ಅದಕ್ಕೆಂದೇ ಇರುವ ಕಾಲುಗಳಲ್ಲೊಂದಕ್ಕೆ ಬರುವುದು ಲೇಸು. ಯುಪಿ5ಕೆಯ 39, 40, 41ನೇ ಕಾಲುಗಳು ಬಣ್ಣದ ಎಲ್ಇಡಿಗೆಂದು ಮಾಡಿದವು. ಅವು ಸಂಕೇತವನ್ನು ಕೆಳಕ್ಕೆಳೆಯಬಲ್ಲವು, ಮೇಲಕ್ಕೆ ತಳ್ಳಲಾರವು. ಇಂಥದ್ದನ್ನು ಬೋರ್ಡ್ ಬರುವ ಮುಂಚೆಯೇ ಹಿಡಿಯುವ ಉಪಾಯವಿದೆ: ತರ್ಕದ ಒಂದು ಕಚ್ಚಾ ರೂಪ ಬರೆದು, ಇದೇ ಪಿನ್ ಪಟ್ಟಿಯೊಂದಿಗೆ ತಂತ್ರಾಂಶಕ್ಕೆ ಕೊಡುವುದು. ಒಪ್ಪದ ಪಿನ್ ಇದ್ದರೆ ಅದು ಅಲ್ಲೇ ತಕರಾರು ತೆಗೆಯುತ್ತದೆ. ಐಸ್40 ಚಿಪ್ಪುಗಳ ಒಳಗಿನ ಬಿಟ್ಟುಗಳ ಅರ್ಥವನ್ನು ಕ್ಲೇರ್ ವುಲ್ಫ್ ಮತ್ತು ಸಂಗಡಿಗರು 2015ರಲ್ಲಿ ಐಸ್‌ಸ್ಟಾರ್ಮ್ ಯೋಜನೆಯಲ್ಲಿ ಬಿಡಿಸಿಟ್ಟ ಮೇಲೆ ಈ ತಂತ್ರಾಂಶ ಉಚಿತ, ಮುಕ್ತ. ನಕ್ಷೆ ಬರೆಯುವ ಕಿಕ್ಯಾಡ್ ಕೂಡ ಹಾಗೆಯೇ. ಐಸ್‌ಬ್ರೇಕರ್ ಎಂಬ ಯುಪಿ5ಕೆ ಬೋರ್ಡಿನ ಪೂರ್ತಿ ನಕ್ಷೆ ಸಾರ್ವಜನಿಕವಾಗಿದೆ. ಅದನ್ನು ಎದುರಿಗಿಟ್ಟುಕೊಂಡು ಪ್ರತಿ ಕೆಪಾಸಿಟರೂ ಯಾಕಿದೆ ಎಂದು ಕೇಳುತ್ತಾ ಹೋಗುವುದು ಒಂದು ಪಠ್ಯಪುಸ್ತಕ ಓದಿದ್ದಕ್ಕೆ ಸಮ.

ಕೊನೆಯದು, ಚಿಪ್ ಎಚ್ಚರಗೊಳ್ಳುವ ಬಗೆ. ಕೋಷ್ಟಕಗಳಲ್ಲಿ ಬರೆದದ್ದು ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತದೆ. ಆದ್ದರಿಂದ ಪಕ್ಕದಲ್ಲೊಂದು ಫ್ಲಾಶ್ ಮೆಮೊರಿ ಕೂರಿಸಿ, ಪ್ರತಿ ಸಲ ಅಲ್ಲಿಂದ ಸುಮಾರು 104 ಕಿಲೋಬೈಟ್ ಓದಿಸಬೇಕು. ಎದ್ದ ಕೂಡಲೇ ಚಿಪ್ ಒಂದು ಪಿನ್ನನ್ನು ನೋಡುತ್ತದೆ. ಅದು ಮೇಲಿದ್ದರೆ ತಾನೇ ಮೆಮೊರಿಯನ್ನು ಓದಲು ಹೊರಡುತ್ತದೆ, ಕೆಳಗಿದ್ದರೆ ಬೇರೆಯವರು ಬಂದು ಹೇಳಲಿ ಎಂದು ಕಾಯುತ್ತಾ ಕೂರುತ್ತದೆ. ಆ ಪಿನ್ನನ್ನು ಮೇಲೆ ಹಿಡಿದಿಡುವ 10 ಕಿಲೋ ಓಮ್ ರೋಧಕ ಮರೆತುಹೋದರೆ ಬೋರ್ಡ್ ಒಂದು ದಿನ ಏಳುತ್ತದೆ, ಇನ್ನೊಂದು ದಿನ ಏಳುವುದಿಲ್ಲ. ಸತ್ತ ಬೋರ್ಡಿಗಿಂತ ಇಂಥದ್ದು ಹೆಚ್ಚು ಕಾಡುತ್ತದೆ.

ಬೋರ್ಡ್ ಬಂದ ದಿನ ಮೊದಲು ಮುಟ್ಟಬೇಕಾದದ್ದು ಮಲ್ಟಿಮೀಟರ್. ಪ್ರವಾಹಕ್ಕೆ ಮಿತಿ ಹಾಕಿದ ಪೂರೈಕೆಯಿಂದ ವಿದ್ಯುತ್ ಕೊಟ್ಟು 1.2 ಮತ್ತು 3.3 ಎರಡೂ ನೆಟ್ಟಗಿವೆಯೇ ಎಂದು ನೋಡಿ, ಆಮೇಲೆ ಎಲ್ಇಡಿ ಮಿನುಗಿಸುವ ಹತ್ತು ಸಾಲಿನ ತರ್ಕ ತುಂಬಿಸಬೇಕು. ಓದುವುದು ಮುಗಿಯಿತೆಂದು ತಿಳಿಸುವ ಸಿಡನ್ ಎಂಬ ಕಾಲಿಗೆ ಅಳತೆಯ ಬಿಂದುವೊಂದನ್ನು ನಕ್ಷೆಯಲ್ಲೇ ಇಟ್ಟಿದ್ದರೆ, ಅದು ಮೇಲೇರಿತೋ ಇಲ್ಲವೋ ಎಂದು ನೋಡಿದ ಕ್ಷಣವೇ ತಪ್ಪು ತಾಮ್ರದ್ದೋ ತರ್ಕದ್ದೋ ಎಂಬ ಜಗಳ ಅರ್ಧ ಬಗೆಹರಿಯುತ್ತದೆ. ಉಳಿದರ್ಧಕ್ಕೆ ಖಾಲಿ ಬಿದ್ದ ಏಳೆಂಟು ಪಿನ್ನುಗಳನ್ನು ಬೋರ್ಡಿನ ಅಂಚಿಗೆ ಎಳೆದಿಟ್ಟಿರಬೇಕು. ಒಳಗಿನ ಯಾವ ಸಂಕೇತವನ್ನು ಬೇಕಾದರೂ ಅಲ್ಲಿಗೆ ಕಳಿಸಿ ಆಸಿಲೋಸ್ಕೋಪಿನಲ್ಲಿ ನೋಡಬಹುದು, ಒಂಬತ್ತನೇ ಮೈಕು ಬೇಕಾದರೆ ಅಲ್ಲಿಂದಲೇ ತಂತಿ ಎಳೆಯಬಹುದು.