ಅತಿಥಿ ಕಂಡ ಹಬ್ಬ

ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮ ಹಿರಿಯರ ಮಾತು. ಮನೆಯವರ ಕಣ್ಣಿಗೆ ಬೀಳದ ಗಿಡದ ಗುಣವನ್ನು ಒಮ್ಮೊಮ್ಮೆ ದಾರಿಹೋಕನೊಬ್ಬನು ಬಂದು ಹೇಳಬೇಕಾಗುತ್ತದೆ. ಇಂಗ್ಲೆಂಡಿನ ಹಳೆಯ ಹಬ್ಬಹರಿದಿನಗಳ ಪಾಲಿಗೆ ಅಂತಹ ದಾರಿಹೋಕನಾಗಿ ಬಂದವನು ಅಮೆರಿಕದ ವಾಷಿಂಗ್ಟನ್ ಇರ್ವಿಂಗ್.

೧೮೧೫ರ ಬೇಸಗೆಯಲ್ಲಿ ಅವನ ಹಡಗು ಲಿವರ್‌ಪೂಲ್ ಬಂದರನ್ನು ಮುಟ್ಟಿದಾಗ ಊರಿಗೆ ಊರೇ ಸಂಭ್ರಮದಲ್ಲಿತ್ತು. ವಾಟರ್ಲೂ ಕದನದಲ್ಲಿ ನೆಪೋಲಿಯನ್ ಸೋತ ವಾರ್ತೆಯನ್ನು ಹೊತ್ತ ಟಪಾಲು ಗಾಡಿಗಳು ಹಸುರೆಲೆಗಳಿಂದ ಸಿಂಗಾರಗೊಂಡು ಬೀದಿಗಳಲ್ಲಿ ಧಾವಿಸುತ್ತಿದ್ದವು. ಇರ್ವಿಂಗನಿಗೆ ಆಗ ಮೂವತ್ತೆರಡು ವರ್ಷ. ಬ್ರಿಟನ್ನಿನ ಹಿಡಿತದಿಂದ ಅಮೆರಿಕವನ್ನು ಬಿಡಿಸಿದ ಸೇನಾನಿ ವಾಷಿಂಗ್ಟನ್ನನ ಹೆಸರನ್ನೇ ತಂದೆತಾಯಿಗಳು ಅವನಿಗೆ ಇಟ್ಟಿದ್ದರು. ೧೮೧೨ರಲ್ಲಿ ಎರಡು ದೇಶಗಳ ನಡುವೆ ಮತ್ತೆ ಹೊತ್ತಿಕೊಂಡಿದ್ದ ಯುದ್ಧ ಆರಿ ಕೆಲವೇ ತಿಂಗಳಾಗಿದ್ದವು. ನಿನ್ನೆಯ ಶತ್ರುವಿನ ನೆಲದಲ್ಲಿ ಅವನು ಕಾಲಿರಿಸಿದ್ದನು.

ದೇಶ ನೋಡುವ ಹಂಬಲವಿದ್ದರೂ ಅವನಿಗೆ ಕಾದಿದ್ದದ್ದು ಬೇರೆಯೇ ಆಗಿತ್ತು. ಲಿವರ್‌ಪೂಲಿನಲ್ಲಿ ಅವನ ಮನೆತನದ ವ್ಯಾಪಾರವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಅಣ್ಣನು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದನು, ಸಾಲ ಬೆಳೆದಿತ್ತು. ಬರೆಹವನ್ನು ಪ್ರೀತಿಸಿದವನು ಲೆಕ್ಕದ ಪುಸ್ತಕಗಳ ಮುಂದೆ ಕುಳಿತನು. ೧೮೧೭ರಲ್ಲಿ ದೂರದ ನ್ಯೂಯಾರ್ಕಿನಲ್ಲಿ ತಾಯಿ ತೀರಿಕೊಂಡಳು. ಮರುವರ್ಷ ಅಂಗಡಿ ದಿವಾಳಿಯೆದ್ದಿತು. ಮದುವೆಯಾಗಬೇಕಿದ್ದ ಹದಿನೇಳರ ತರುಣಿಯನ್ನು ಅವನು ೧೮೦೯ರಲ್ಲಿಯೇ ಕಳೆದುಕೊಂಡಿದ್ದನು. ಊರಿನಲ್ಲಿದ್ದ ಇನ್ನೊಬ್ಬ ಅಣ್ಣ ಅಮೆರಿಕದ ನೌಕಾಖಾತೆಯಲ್ಲಿ ಒಳ್ಳೆಯ ನೌಕರಿಯೊಂದನ್ನು ಗೊತ್ತುಮಾಡಿದಾಗ ಇರ್ವಿಂಗ್ ಅದನ್ನು ಒಲ್ಲೆನೆಂದನು. ಕೈಯಲ್ಲಿ ಕಾಸಿಲ್ಲದಿದ್ದರೂ ಲೇಖನಿಯನ್ನೇ ನಂಬಿ ಬದುಕುವೆನೆಂದು ನಿಶ್ಚಯಿಸಿದನು. ಅವನಲ್ಲಿ ಉಳಿದಿದ್ದ ಬಂಡವಾಳವೆಂದರೆ ಬಿಡುವು ದೊರೆತಾಗಲೆಲ್ಲ ಅಲೆದು ಕಂಡ ಇಂಗ್ಲೆಂಡ್ ಒಂದೇ.

ಮುಗುಳ್ನಗುವ ಯಾತ್ರಿಕ

ಅವನ ಅಲೆದಾಟದಲ್ಲಿ ಮುಖ್ಯವಾದದ್ದು ಷೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡ್. ಕವಿ ಹುಟ್ಟಿದ ಮನೆಯನ್ನು ಮಾತಾಳಿಯಾದ ಒಬ್ಬ ಮುದುಕಿ ತೋರಿಸುತ್ತಿದ್ದಳು. ಕವಿ ಜಿಂಕೆಯನ್ನು ಹೊಡೆದ ತುಪಾಕಿಯ ಚೂರು, ಹ್ಯಾಮ್ಲೆಟ್ ನಾಟಕದಲ್ಲಿ ಧರಿಸಿದ ಕತ್ತಿ, ಅವನು ಕೂರುತ್ತಿದ್ದ ಕುರ್ಚಿ, ಎಲ್ಲವೂ ಅವಳಲ್ಲಿದ್ದವು. ಬಂದವರೆಲ್ಲ ಆ ಕುರ್ಚಿಯಲ್ಲಿ ಕುಳಿತೇ ಹೋಗುತ್ತಿದ್ದುದರಿಂದ ಮೂರು ವರ್ಷಕ್ಕೊಮ್ಮೆಯಾದರೂ ಅದರ ಆಸನವನ್ನು ಹೊಸದಾಗಿ ಹಾಕಿಸಬೇಕಾಗುತ್ತಿತ್ತಂತೆ! ಇರ್ವಿಂಗ್ ಇದನ್ನೆಲ್ಲ ಕೇಳಿ ಒಳಗೊಳಗೇ ನಕ್ಕನು. ಆದರೆ ವಾದಿಸಲಿಲ್ಲ. ಕಾಸು ಖರ್ಚಿಲ್ಲದೆ ಸಂತೋಷ ಕೊಡುವ ಇಂತಹ ಕಥೆಗಳನ್ನು ನಂಬಿದರೆ ಯಾತ್ರಿಕನಿಗೆ ನಷ್ಟವೇನೂ ಇಲ್ಲವೆಂಬುದು ಅವನ ಮತ.

ಅದೇ ಊರಿನ ಚರ್ಚಿನಲ್ಲಿ ನಗು ಅಡಗಿತು. ಕವಿಯ ಸಮಾಧಿಯ ಪಕ್ಕದಲ್ಲಿ ಹಿಂದೊಮ್ಮೆ ನೆಲ ಅಗೆಯುತ್ತಿದ್ದಾಗ ಮಣ್ಣು ಕುಸಿದು, ಸಮಾಧಿಯ ಒಳಭಾಗ ಕಾಣುವಂತಾಗಿತ್ತು. ಅದು ಮುಚ್ಚುವವರೆಗೆ ಎರಡು ದಿನ ಕಾವಲಿದ್ದ ಚರ್ಚಿನ ಮುದಿ ಪರಿಚಾರಕನು ಒಮ್ಮೆ ಒಳಗೆ ಇಣುಕಿದ್ದನಂತೆ. ಪೆಟ್ಟಿಗೆಯೂ ಇರಲಿಲ್ಲ, ಮೂಳೆಯೂ ಇರಲಿಲ್ಲ, ಬರಿಯ ಧೂಳು. ಷೇಕ್ಸ್‌ಪಿಯರನ ಧೂಳನ್ನು ಕಂಡದ್ದೂ ಒಂದು ಭಾಗ್ಯವೇ ಎಂದು ಇರ್ವಿಂಗನಿಗೆ ಅನ್ನಿಸಿತು.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಅರಸರ ಗೋರಿಗಳ ನಡುವೆ ತಿರುಗುವಾಗ ಅವನ ಕಣ್ಣು ಇನ್ನೊಂದನ್ನು ಗುರುತಿಸಿತು. ಜನರು ರಾಜರ ವೈಭವದ ಸಮಾಧಿಗಳ ಮುಂದೆ ಕಣ್ಣರಳಿಸಿ ಮುಂದೆ ಸಾಗುತ್ತಿದ್ದರು. ಬಹಳ ಹೊತ್ತು ನಿಲ್ಲುತ್ತಿದ್ದುದು ಕವಿಗಳ ಸರಳ ಸ್ಮಾರಕಗಳ ಬಳಿ. ಅಲ್ಲಿಯೇ ಎಲಿಜಬೆತ್ ರಾಣಿ ಒಂದು ಪಕ್ಕದಲ್ಲಿ, ಆಕೆ ಕೊಲ್ಲಿಸಿದ ಸ್ಕಾಟ್ಲೆಂಡಿನ ಮೇರಿ ರಾಣಿ ಎದುರು ಪಕ್ಕದಲ್ಲಿ, ಒಂದೇ ಸೂರಿನಡಿ ಮಲಗಿದ್ದಾರೆ.

೧೮೧೭ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ವಾಲ್ಟರ್ ಸ್ಕಾಟನ ಮನೆಯಲ್ಲಿ ಕೆಲವು ದಿನ ಅತಿಥಿಯಾಗಿದ್ದನು. ಹತ್ತಿರದ ಮೆಲ್‌ರೋಸಿನ ಪಾಳುಮಠವನ್ನು ಬೆಳದಿಂಗಳಿನಲ್ಲಿ ನೋಡಬೇಕೆಂದು ಸ್ಕಾಟ್ ತನ್ನ ಕಾವ್ಯದಲ್ಲಿ ಹಾಡಿದ್ದರಿಂದ ಜನ ಹಿಂಡುಹಿಂಡಾಗಿ ಬರುತ್ತಿದ್ದರು. ಚಂದ್ರನಿಲ್ಲದ ರಾತ್ರಿ ಬಂದವರ ಪಾಡೇನು? ಕಾವಲುಗಾರನು ಉದ್ದನೆಯ ಗಳುವಿನ ತುದಿಗೆ ಮೇಣದ ಬತ್ತಿ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದನು. ಕೊನೆಕೊನೆಗೆ ಚಂದ್ರನಿಗಿಂತ ತನ್ನ ಬತ್ತಿಯೇ ಮೇಲೆಂದು ಅವನಿಗೆ ತೋರಿತಂತೆ!

ಕಳೆಗುಂದಿದ ಹಬ್ಬ

ಆದರೆ ಇರ್ವಿಂಗನ ಹೆಸರು ಉಳಿದದ್ದು ಕ್ರಿಸ್‌ಮಸ್ ಹಬ್ಬದೊಡನೆ. ೧೬೪೭ರಲ್ಲಿ ಪ್ಯೂರಿಟನ್ನರ ಪಾರ್ಲಿಮೆಂಟು ಈ ಹಬ್ಬವನ್ನು ನಿಷೇಧಿಸಿತ್ತು. ೧೬೬೦ರಲ್ಲಿ ಅರಸೊತ್ತಿಗೆ ಮರಳಿದಾಗ ಹಬ್ಬವೂ ಮರಳಿತು. ಆದರೆ ಕಾಲ ಸರಿದಂತೆ ನಾಗರಿಕರೆನಿಸಿಕೊಂಡವರಿಗೆ ಹಳೆಯ ಹಾಡು, ಆಟ, ವೇಷಗಳು ಹಳ್ಳಿಗಾಡಿನ ರೂಢಿಗಳಾಗಿ ಕಂಡವು. ನಾಡಿನಲ್ಲಿ ಕಾರ್ಖಾನೆಯ ಹೊಗೆ ಏಳುತ್ತಿದ್ದ ಕಾಲವದು.

ಬರ್ಮಿಂಗ್‌ಹ್ಯಾಮಿನಲ್ಲಿ ಇರ್ವಿಂಗನ ಅಕ್ಕನ ಮನೆಯಿತ್ತು. ದಿವಾಳಿಯ ಬಳಿಕ ಅವನಿಗೆ ನೆರಳು ನೀಡಿದ ಮನೆ ಅದು. ಆ ಊರ ಅಂಚಿನಲ್ಲಿ ಹದಿನೇಳನೆಯ ಶತಮಾನದ ಆಸ್ಟನ್ ಹಾಲ್ ಎಂಬ ಭವನವಿದೆ. ಆವಿಯಂತ್ರಕ್ಕೆ ಹೆಸರಾದ ಜೇಮ್ಸ್ ವಾಟನ ಮಗನು ಆ ಕಾಲದಲ್ಲಿ ಅದರಲ್ಲಿ ಬಾಡಿಗೆಗಿದ್ದನು! ಈ ಭವನದ ಗೋಪುರಗಳು ಇರ್ವಿಂಗನ ಕಲ್ಪನೆಯಲ್ಲಿ ಬ್ರೇಸ್‌ಬ್ರಿಜ್ ಹಾಲ್ ಎಂಬ ಹಳ್ಳಿಮನೆಯಾಗಿ ಎದ್ದುನಿಂತವು.

ಜೆಫ್ರಿ ಕ್ರೇಯಾನ್ ಎಂಬ ಹೆಸರಿನಲ್ಲಿ ಅವನು ಬರೆದ 'ಸ್ಕೆಚ್ ಬುಕ್' ೧೮೧೯ ಮತ್ತು ೧೮೨೦ರಲ್ಲಿ ಕಂತುಕಂತಾಗಿ ಅಮೆರಿಕದಲ್ಲಿ ಹೊರಬಂದಿತು. ಲಂಡನ್ನಿನ ಪ್ರಕಾಶಕ ಮರ್ರೆ ಮೊದಲು ನಯವಾಗಿ ನಿರಾಕರಿಸಿ, ಸ್ಕಾಟನ ಮಾತಿನ ಮೇಲೆ ಕೊನೆಗೆ ಒಪ್ಪಿಕೊಂಡನು. ಅದರ ಐದು ಪ್ರಬಂಧಗಳಲ್ಲಿ ಒಬ್ಬ ಮುದಿ ಜಮೀನುದಾರನು ಹಳೆಯ ಕ್ರಮದಲ್ಲಿ ಕ್ರಿಸ್‌ಮಸ್ ಆಚರಿಸುತ್ತಾನೆ. ಅಗ್ಗಿಷ್ಟಿಕೆಯಲ್ಲಿ ಯೂಲ್ ಎಂಬ ಭಾರಿ ದಿಮ್ಮಿ ಉರಿಯುತ್ತದೆ. ಸುಟ್ಟ ಸೇಬು ತೇಲುವ ಮಸಾಲೆಯ ಮದ್ಯ ಒಂದೇ ಪಾತ್ರೆಯಲ್ಲಿ ಎಲ್ಲರ ಕೈಗೂ ಸಾಗುತ್ತದೆ. ಮಿಸಲ್‌ಟೋ ಎಂಬ ಬಂದಳಿಕೆಯನ್ನು ತೂಗುಹಾಕಿರುತ್ತಾರೆ. ಅದರ ಕೆಳಗೆ ತರುಣಿಗೆ ಮುತ್ತಿಡುವ ತರುಣನು ಪ್ರತಿ ಮುತ್ತಿಗೂ ಒಂದು ಹಣ್ಣು ಕೀಳಬೇಕು, ಹಣ್ಣು ಮುಗಿದರೆ ಹಕ್ಕೂ ಮುಗಿಯಿತು.

ಈ ಚಿತ್ರದಲ್ಲಿ ಬರಿಯ ಹೊಗಳಿಕೆಯಿಲ್ಲ. ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟ ಜಮೀನುದಾರನ ಮನೆಗೆ ಭಿಕ್ಷುಕರು ಮುತ್ತಿದ್ದರಿಂದ ಅವನು ಆ ಪದ್ಧತಿಯನ್ನು ಬಿಡಬೇಕಾಗಿ ಬಂದಿತ್ತು. ಅವನು ಬೆನ್ನು ತಿರುಗಿಸಿದೊಡನೆ ಪಾನಪಾತ್ರೆ ಎತ್ತಿದ ಹಳ್ಳಿಯ ಹುಡುಗರು ಮುಖ ಸೊಟ್ಟಗೆ ಮಾಡಿ ಕಣ್ಣು ಮಿಟುಕಿಸುತ್ತಾರೆ. ಹಳೆಯ ಶಾಸ್ತ್ರದಂತೆ ಊಟಕ್ಕೆ ನವಿಲಿನ ಭಕ್ಷ್ಯ ಬೇಕು. ಆದರೆ ಆ ವರ್ಷ ನವಿಲುಗಳು ಬಹಳ ಸತ್ತಿದ್ದವು. ಉಳಿದವನ್ನು ಕೊಲ್ಲಲು ಮನಸ್ಸು ಬಾರದೆ ಯಜಮಾನನು ಬೇರೊಂದು ಹಕ್ಕಿಯ ಭಕ್ಷ್ಯಕ್ಕೆ ನವಿಲುಗರಿ ಸಿಕ್ಕಿಸಿ ಶಾಸ್ತ್ರವನ್ನೂ ಉಳಿಸಿದನು, ನವಿಲನ್ನೂ ಉಳಿಸಿದನು. ಸಂಪ್ರದಾಯವು ಕರುಣೆಯೊಡನೆ ರಾಜಿಯಾಗಿ ಬದುಕುವ ಬಗೆ ಇದೇ ಅಲ್ಲವೇ?

ಇಂಗ್ಲಿಷರು ಈ ಬರೆಹವನ್ನು ಮೆಚ್ಚಿ ಓದಿದರು. ಅದನ್ನು ಪ್ರೀತಿಸಿದವರಲ್ಲಿ ಚಾರ್ಲ್ಸ್ ಡಿಕನ್ಸ್ ಒಬ್ಬನು. ಅವನ 'ಎ ಕ್ರಿಸ್‌ಮಸ್ ಕ್ಯಾರಲ್' ೧೮೪೩ರಲ್ಲಿ ಹೊರಬಂದು ಹಬ್ಬಕ್ಕೆ ಮನೆಮನೆಯಲ್ಲಿಯೂ ಹೊಸ ಕಳೆ ತಂದಿತು. ಇಂತಹ ಹಬ್ಬ ಈಗೆಲ್ಲಿದೆಯೆಂದು ಮೂಗು ಮುರಿದವರೂ ಇದ್ದರು. ಅವರಿಗೆ ಇರ್ವಿಂಗ್ ವಾದದಿಂದ ಉತ್ತರಿಸಲಿಲ್ಲ. ಪುಸ್ತಕ ಬರೆದ ಮೇಲೆ ಡರ್ಬಿಷೈರ್ ಮತ್ತು ಯಾರ್ಕ್‌ಷೈರ್‌ಗಳ ಅಂಚಿನಲ್ಲಿ ಕ್ರಿಸ್‌ಮಸ್ ಕಳೆದಾಗ, ತಾನು ವರ್ಣಿಸಿದ್ದ ಬಹುಮಟ್ಟಿನ ಆಚರಣೆಗಳು ಇನ್ನೂ ಜೀವಂತವಾಗಿದ್ದುದನ್ನು ಕಣ್ಣಾರೆ ಕಂಡೆನೆಂದು ಮುಂದಿನ ಆವೃತ್ತಿಯ ಅಡಿಟಿಪ್ಪಣಿಯೊಂದರಲ್ಲಿ ಬರೆದನು, ಅಷ್ಟೆ.

ಇರ್ವಿಂಗ್ ೧೮೫೯ರಲ್ಲಿ ತನ್ನ ನಾಡಿನಲ್ಲಿ ಅವಿವಾಹಿತನಾಗಿಯೇ ತೀರಿಕೊಂಡನು. ಆಸ್ಟನ್ ಹಾಲನ್ನು ೧೮೬೪ರಲ್ಲಿ ಬರ್ಮಿಂಗ್‌ಹ್ಯಾಮಿನ ಪುರಸಭೆ ಕೊಂಡಿತು. ಅದು ಇಂದು ಸಾರ್ವಜನಿಕರ ವಸ್ತುಸಂಗ್ರಹಾಲಯ. ಸ್ಟ್ರಾಟ್‌ಫರ್ಡಿನಲ್ಲಿ ನಡೆದುದು ಇನ್ನೂ ಸ್ವಾರಸ್ಯದ ಸಂಗತಿ. ಅಲ್ಲಿಯ ರೆಡ್ ಹಾರ್ಸ್ ವಸತಿಗೃಹದಲ್ಲಿ ತಂಗಿದ್ದ ರಾತ್ರಿ ಮನೆಯಿಲ್ಲದ ಆ ಪರದೇಶಿ, ಅಗ್ಗಿಷ್ಟಿಕೆಯ ಮುಂದೆ ಕುಳಿತು, ಕೂತ ಕುರ್ಚಿಯನ್ನು ತನ್ನ ಸಿಂಹಾಸನವೆಂದೂ ಕೆಂಡ ಕೆದಕುವ ಸಲಾಕಿಯನ್ನು ರಾಜದಂಡವೆಂದೂ ಭಾವಿಸಿಕೊಂಡು ಬರೆದಿದ್ದನು. ಮುಂದೆ ಆ ವಸತಿಗೃಹದವರು ಸಲಾಕಿಯ ಮೇಲೆ ಜೆಫ್ರಿ ಕ್ರೇಯಾನನ ರಾಜದಂಡವೆಂದು ಕೆತ್ತಿಸಿ, ಕುರ್ಚಿಯೊಡನೆ ಕಾಪಾಡಿಟ್ಟು, ಬಂದವರಿಗೆಲ್ಲ ತೋರಿಸತೊಡಗಿದರು.

ಮುದುಕಿಯ ಕುರ್ಚಿಯನ್ನು ಕಂಡು ನಕ್ಕಿದ್ದ ಅತಿಥಿ ತಾನೇ ಆ ಊರಿನ ಒಂದು ಕಥೆಯಾಗಿಹೋಗಿದ್ದನು.