ಡೇರೆ ಹಾಕುವ ಮೊದಲು ನೀರಿನ ಗೆರೆ ನೋಡಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗೆ ಡೇರೆ ಹೊಸತಲ್ಲ. ಸಾಲಿಗ್ರಾಮ, ಪೆರ್ಡೂರಿನಂಥ ಯಕ್ಷಗಾನ ಮೇಳಗಳು ಡೇರೆ ಎಬ್ಬಿಸಿ ಟಿಕೆಟ್ಟಿನ ಆಟ ಆಡಿದ್ದನ್ನು ಕಂಡ ತಲೆಮಾರು ಇನ್ನೂ ಇದೆ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆ ಆಟಕ್ಕೆ ಡೇರೆಯೂ ಬೇಡ; ಕೊಯ್ಲು ಮುಗಿದ ಬೈಲುಗದ್ದೆಯಲ್ಲಿ ಚಾಪೆ ಹಾಸಿ, ತಲೆಗೆ ಶಾಲು ಸುತ್ತಿ, ನಡುರಾತ್ರಿ ಒಂದು ಚಾ ಕುಡಿದು ಬೆಳಗು ಮಾಡಿದರಾಯಿತು. ಬೈಂದೂರು ಕಡೆ ಬಚ್ಚಂಗಾಯಿ, ನೆಲಗಡಲೆ ಬೆಳೆಯುವವರು ಹಂದಿ ಕಾಯಲು ಗದ್ದೆಯಂಚಿನಲ್ಲಿ ಮಡಲಿನ ಮಾಡು ಕಟ್ಟಿಕೊಂಡು ರಾತ್ರಿ ಕಳೆಯುವುದೂ ಉಂಟು. ಅಂದರೆ ಹೊರಗೆ ರಾತ್ರಿ ಕಳೆಯುವುದಕ್ಕೆ ಇಲ್ಲಿ ಯಾವಾಗಲೂ ಒಂದು ನೆಪ ಬೇಕಿತ್ತು: ಆಟ, ಹರಕೆ, ಕಾವಲು. ಬರೀ ಖುಷಿಗೆಂದು ಮನೆಬಿಟ್ಟು ಮಲಗುವುದು ಈಚಿನ ಹವ್ಯಾಸ. ಇಂಗ್ಲೆಂಡಿನಲ್ಲೂ ಅದೇನು ಬಹಳ ಹಳತಲ್ಲ. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬ ದರ್ಜಿ 1901ರಲ್ಲಿ ಇದಕ್ಕೊಂದು ಸಂಘ ಕಟ್ಟಿ, 1908ರಲ್ಲಿ ಕೈಪಿಡಿ ಬರೆದ. ಡೇರೆಯ ಕೈಪಿಡಿ ಹೊಲಿಗೆ ಬಲ್ಲವನಿಂದಲೇ ಬಂದದ್ದು ಸರಿಯಾಗಿಯೇ ಇದೆ.

ಹವ್ಯಾಸ ಹೊಸತಾದರೂ ಜಾಗ ಹಳೆಯದು, ಅದರ ಕಟ್ಟಳೆಗಳೂ ಹಳೆಯವು. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಅಲ್ಲಿಂದ ಒಂದು ಗಂಟೆಯಲ್ಲಿ ಕೊಲ್ಲೂರು. ಅದರ ನೆತ್ತಿಯ ಮೇಲೆ 1,343 ಮೀಟರ್ ಎತ್ತರದ ಕೊಡಚಾದ್ರಿ. ಹೊಯ್ಗೆ, ಅಳಿವೆ, ಘಟ್ಟ ಮೂರೂ ಇಷ್ಟು ಹತ್ತಿರ ಸಿಗುವುದೇ ಈ ಸೀಮೆಯ ಭಾಗ್ಯ. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಒಂದೇ ಡೇರೆ ಮೂರೂ ಕಡೆ ನಡೆಯುತ್ತದೆ ಎಂದುಕೊಳ್ಳುವಲ್ಲಿ ಎಡವಟ್ಟು ಶುರುವಾಗುತ್ತದೆ.

ಮೊದಲು ಹೊಯ್ಗೆಯ ಮಾತು. ಸಂಜೆ ಬಂದವರಿಗೆ ನೀರಿನ ಹತ್ತಿರದ ಗಟ್ಟಿ, ಸಮತಟ್ಟು ಜಾಗವೇ ಚಂದ ಕಾಣುತ್ತದೆ. ಆ ಜಾಗವನ್ನು ಗಟ್ಟಿ ಮಾಡಿದ್ದು ಕಡಲೇ ಎಂಬುದು ಮರೆತುಹೋಗುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಸಂಜೆ 7ಕ್ಕೆ ನೀರು ಪೂರ್ತಿ ಇಳಿದಿದ್ದರೆ ರಾತ್ರಿ 1 ದಾಟಿದ ಮೇಲೆ ಪೂರ್ತಿ ಏರಿರುತ್ತದೆ, ಅಂದರೆ ನಿಮ್ಮ ಗಾಢ ನಿದ್ದೆಯ ಹೊತ್ತಿಗೆ. ಮರುದಿನ ಇದೇ ಲೆಕ್ಕ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೆ ಬರುತ್ತದೆ. ಬೆಳದಿಂಗಳಿಗೆಂದು ಹುಣ್ಣಿಮೆಯನ್ನೇ ಹುಡುಕಿ ಬರುವವರು ಇದನ್ನು ಗಮನಿಸಬೇಕು.

ಗಡಿಯಾರ ನೋಡಲು ಬೇಸರವಾದರೆ ನೆಲ ನೋಡಿ. ಹೊಯ್ಗೆಯ ಮೇಲೆ ದಡಕ್ಕೆ ಸಮನಾಗಿ ಕಸದ ಗೆರೆಗಳಿರುತ್ತವೆ: ಗಾಳಿಮರದ ಕಡ್ಡಿ, ಚಿಪ್ಪು, ತೆಂಗಿನ ಸಿಪ್ಪೆ, ಬಾಟ್ಲಿಯ ಮುಚ್ಚಳ, ಬಲೆಯ ಚೂರು. ಹಸಿ ಕಸದ ಗೆರೆ ಇವತ್ತಿನ ನೀರಿನದು. ಅದಕ್ಕಿಂತ ಮೇಲೆ, ಒಣಗಿ ಬೂದುಬಣ್ಣಕ್ಕೆ ತಿರುಗಿದ ಇನ್ನೊಂದು ಗೆರೆ ಇದ್ದರೆ ಅದು ಹಿಂದಿನ ದೊಡ್ಡ ಉಬ್ಬರದ್ದು. ಮಲಗುವ ಜಾಗ ಆ ಮೇಲಿನ ಗೆರೆಗೂ ಆಚೆ ಇರಬೇಕು. ಹಾಗೆಂದು ಹೊಯ್ಗೆ ದಿಬ್ಬದ ಮೇಲೆ ಹಬ್ಬಿದ ನೇರಳೆ ಹೂವಿನ ಬಳ್ಳಿಯನ್ನು ತುಳಿದು ಗೂಟ ಹೊಡೆಯಬಾರದು. ಹೊಯ್ಗೆ ಹಾರಿಹೋಗದಂತೆ ಹಿಡಿದಿಟ್ಟಿರುವುದು ಅದೇ ಬಳ್ಳಿ. ತೆಂಗಿನ ಮರದ ಬುಡವೂ ಬೇಡ. ಫೋಟೋದಲ್ಲಿ ಅದು ಸ್ವರ್ಗ, ಕಾಯಿ ಬೀಳುವವರೆಗೆ.

ಅಳಿವೆಯ ಹತ್ತಿರ ಎಚ್ಚರ ಇಮ್ಮಡಿ ಬೇಕು. ಗಂಗೊಳ್ಳಿಯಲ್ಲಿ ಐದು ಹೊಳೆಗಳ ನೀರು ಕೂಡಿ ಕಡಲಿಗಿಳಿಯುತ್ತದೆ. ಕೋಡಿಬೆಂಗ್ರೆಯಲ್ಲಿ ಸೀತಾ, ಸ್ವರ್ಣಾ ನದಿಗಳು ಕಡಲು ಸೇರುತ್ತವೆ. ಇಳಿತದ ಹೊತ್ತಿಗೆ ಅಳಿವೆಯ ನೀರು ಕಡಲಿನತ್ತ ಜೋರಾಗಿ ಎಳೆಯುತ್ತದೆ. ತೆರೆ ಸಣ್ಣದಿದೆ ಎಂದು ಇಳಿದವರಿಗೆ ಅಪಾಯ ತೆರೆಯಿಂದಲ್ಲ, ಆ ಸೆಳೆತದಿಂದ. ತ್ರಾಸಿ, ಮರವಂತೆಯ ತೆರೆದ ದಡದಲ್ಲೂ ಅಲ್ಲಲ್ಲಿ ನೀರು ಕಿರಿದಾದ ಓಣಿಯಂತೆ ಹಿಂದಕ್ಕೆ ಹರಿಯುತ್ತದೆ. ಸಿಕ್ಕಿಬಿದ್ದರೆ ದಡದ ಕಡೆಗೆ ಈಜಿ ದಣಿಯದೆ, ದಡಕ್ಕೆ ಸಮನಾಗಿ ಬದಿಗೆ ಈಜಿ ಹೊರಬರಬೇಕು. ನೀರಾಟದ ಆಸೆ ಇದ್ದವರಿಗೆ ಸಾಲಿಗ್ರಾಮದ ಪಾರಂಪಳ್ಳಿಯ ಹಿನ್ನೀರು ಒಳ್ಳೆಯದು. ಅಲ್ಲಿ ಲೈಫ್ ಜಾಕೆಟ್ ತೊಡಿಸಿ ಕಯಾಕ್ ಕೊಡುವವರಿದ್ದಾರೆ. ಕಾಂಡ್ಲಾ ಗಿಡಗಳ ಉಸಿರುಬೇರುಗಳು ಕೆಸರಿನಿಂದ ಮೊಳೆಗಳಂತೆ ಎದ್ದು ನಿಂತಿರುವುದನ್ನು ಕೈಯಳತೆಯಲ್ಲಿ ನೋಡಬಹುದು. ನನ್ನ ಮಟ್ಟಿಗೆ ಈ ಮೂರು ತಾಲೂಕುಗಳಲ್ಲಿ ಮಕ್ಕಳನ್ನು ಮೊದಲು ಕರೆದೊಯ್ಯಬೇಕಾದ ಜಾಗ ಅದೇ.

ರಾತ್ರಿಯ ಸೆಕೆ, ಇಬ್ಬನಿ ಎರಡನ್ನೂ ಡೇರೆ ಮಾರುವವರು ಹೇಳುವುದಿಲ್ಲ. ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ತಿರುಗಿ ಘಟ್ಟದ ಕಡೆಯಿಂದ ಬೀಸುತ್ತದೆ. ಕಡಲು ನೋಡಲೆಂದು ಪಡುವಣಕ್ಕಷ್ಟೇ ಬಾಗಿಲಿಟ್ಟು ಉಳಿದೆಲ್ಲ ಮುಚ್ಚಿದರೆ ಒಳಗೆ ಗಾಳಿ ಆಡುವುದಿಲ್ಲ. ಮಲಗಿದವರ ಉಸಿರೇ ಬಟ್ಟೆಗೆ ತಾಗಿ ಹನಿಗಟ್ಟಿ, ಬೆಳಿಗ್ಗೆ ಮಳೆ ಬಂದಂತೆ ತೊಟ್ಟಿಕ್ಕುತ್ತದೆ. ಮೂಡಣದ ಬದಿಯನ್ನೂ ತೆರೆದಿಡಿ. ಇನ್ನೂ ಸುಲಭದ ದಾರಿ ಬೇಕೆಂದರೆ ಡೇರೆಯನ್ನೇ ಬಿಟ್ಟು ಒಂದು ಸೊಳ್ಳೆಪರದೆ, ಮೇಲೊಂದು ಟರ್ಪಾಲು, ಅಡಿಗೆ ಚಾಪೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಇಷ್ಟು ಸಾಕು.

ಆದರೆ ಅದೇ ತಿಂಗಳುಗಳಲ್ಲಿ ಹೊಯ್ಗೆಗೆ ಬೇರೆ ಅತಿಥಿಗಳೂ ಬರುತ್ತಾರೆ. ಆಲಿವ್ ರಿಡ್ಲಿ ಕಡಲಾಮೆಗಳು ಕೋಡಿ, ಮರವಂತೆ ಕಡೆಯ ದಡಕ್ಕೆ ರಾತ್ರಿ ಹತ್ತಿ, ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು ಮರಳುತ್ತವೆ. ಒಂದೂವರೆ, ಎರಡು ತಿಂಗಳಲ್ಲಿ ಹೊರಬರುವ ಮರಿಗಳಿಗೆ ದಾರಿ ತೋರಿಸುವುದು ಬೆಳಕು: ಕತ್ತಲ ದಡದಲ್ಲಿ ಎಲ್ಲಕ್ಕಿಂತ ಬೆಳಗಿ ಕಾಣುವುದು ಕಡಲಿನ ಬಾನಂಚು, ಅತ್ತಲೇ ಅವು ತೆವಳುತ್ತವೆ. ದಡದಲ್ಲಿ ಎಲ್‌ಇಡಿ ಸರ, ಬೆಂಕಿ ಇದ್ದರೆ ದಿಕ್ಕು ತಪ್ಪಿ ರಸ್ತೆಯ ಕಡೆ ಬಂದು ಸಾಯುತ್ತವೆ. ಕಡಲಾಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ರಕ್ಷಣೆ ಇದೆ. ದಡದಲ್ಲಿ ಬೆಂಕಿ ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ: ಹೊಯ್ಗೆ ಮುಚ್ಚಿದ ಕೆಂಡ ಆರುವುದಿಲ್ಲ, ಮರುದಿನ ಬೆಳಿಗ್ಗೆ ಬರಿಗಾಲಲ್ಲಿ ಬಲೆ ಎಳೆಯಲು ಬರುವವರ ಕಾಲಿಗೆ ಕಾದಿರುತ್ತದೆ. ನೀರು ಸುರಿದೇ ಆರಿಸಬೇಕು.

ಘಟ್ಟದ ಕಡೆ ಸ್ವಾತಂತ್ರ್ಯ ಕಡಿಮೆ. ಕೊಲ್ಲೂರಿನ ಸುತ್ತಲಿನ ಕಾಡು ಮೂಕಾಂಬಿಕಾ ವನ್ಯಜೀವಿಧಾಮ. ಅನುಮತಿಯಿಲ್ಲದೆ ಒಳಹೋಗುವುದು, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅದೇ 1972ರ ಕಾಯ್ದೆಯ ಪ್ರಕಾರ ಅಪರಾಧ. 2024ರಿಂದ ಅರಣ್ಯ ಇಲಾಖೆ ಚಾರಣದ ಹಾದಿಗಳಿಗೆ ಆನ್‌ಲೈನ್ ನೋಂದಣಿ ತಂದಿದೆ. ಇದು ಕಿರಿಕಿರಿ ಎನ್ನುವವರಿದ್ದಾರೆ. 2023ರ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಶಿನಗುಂಡಿ ಜಲಪಾತದಲ್ಲಿ ರೀಲ್ ಮಾಡುತ್ತ ಬಂಡೆಯ ಮೇಲೆ ನಿಂತ ಯುವಕ ಕೊಚ್ಚಿಹೋದದ್ದನ್ನು ನೆನೆದರೆ ನನಗೆ ಹಾಗನ್ನಿಸುವುದಿಲ್ಲ.

ಕಾಡಿನಲ್ಲಿ ಎಲ್ಲರೂ ಹೆದರುವುದು ಇಂಬಳಕ್ಕೆ. ಅದು ರಕ್ತ ಕುಡಿದು ಉದುರುತ್ತದೆ, ಅಷ್ಟೆ. ಹೆದರಬೇಕಾದದ್ದು ಕಣ್ಣಿಗೆ ಸರಿಯಾಗಿ ಕಾಣದ ಉಣ್ಣೆಗೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಕಾಯಿಲೆ ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಚಾರಣಿಗರ ಹಂಗಾಮಿನಲ್ಲೇ. ತರಗೆಲೆಯ ಮೇಲೆ ಕೂರಬೇಡಿ, ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿ. ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಮೈ ಪರೀಕ್ಷಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸುದ್ದಿ ಮುಟ್ಟಿಸಿ. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಇಷ್ಟೆಲ್ಲ ಕೇಳಿ ಡೇರೆಯ ಆಸೆಯೇ ಬತ್ತಿದವರಿಗೆ ಒಂದು ಸಲಹೆ. ಘಟ್ಟದ ಬುಡದ ಅಮಾಸೆಬೈಲು, ಸಿದ್ದಾಪುರ ಕಡೆ ಪರಿಚಯದವರ ಮನೆ ಇದ್ದರೆ ಅವರ ಅಂಗಳ ಕೇಳಿ. ಸಗಣಿ ಸಾರಿಸಿದ ಅಂಗಳ, ತಲೆಯ ಮೇಲೆ ಅಡಿಕೆ ಸೋಗೆಯ ಚಪ್ಪರ, ಹಟ್ಟಿಯಲ್ಲಿ ದನದ ಗಂಟೆ. ರಾತ್ರಿಗೆ ಗಂಜಿ, ಉಪ್ಪಿನಕಾಯಿ. ಈ ಸೀಮೆಯಲ್ಲಿ ಹೊರಗೆ ಮಲಗಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ. ಅಂಗಳವಾದರೂ ಮೇ ಕೊನೆಯವರೆಗೆ ಮಾತ್ರ, ಆಮೇಲೆ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ಇಲ್ಲಿ ನಿಷೇಧವಿರುತ್ತದೆ. ದೊಡ್ಡ ಬೋಟುಗಳೇ ಕಡಲಿಗಿಳಿಯದ ಆ ಎರಡು ತಿಂಗಳು ದಡದಲ್ಲಿ ಯಾರೂ ಡೇರೆ ಹಾಕಬಾರದು.