ಗೇಟಿನ ಪಕ್ಕದ ಪಾಳಿ ಪಟ್ಟಿ

2020ರ ಡಿಸೆಂಬರ್ 12ರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ಕೋಲಾರ ಜಿಲ್ಲೆ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದಾಂದಲೆ ಎದ್ದಿತು. ಐಫೋನ್ ಜೋಡಿಸುವ ಜಾಗ ಅದು. ಒಡೆದ ಗಾಜು, ಮಗುಚಿಬಿದ್ದ ವಾಹನಗಳ ವಿಡಿಯೊ ಮಧ್ಯಾಹ್ನದೊಳಗೆ ಎಲ್ಲರ ಮೊಬೈಲಿಗೂ ಬಂತು. ಸಂಬಳ ಸರಿಯಾಗಿ ಬರಲಿಲ್ಲವೆಂದು ಹುಡುಗರು ರೊಚ್ಚಿಗೆದ್ದರು ಎಂಬಲ್ಲಿಗೆ ಬಹಳ ಮಂದಿಗೆ ಸುದ್ದಿ ಮುಗಿಯಿತು. ನನಗೆ ಮುಗಿಯಲಿಲ್ಲ. ಕಾರ್ಖಾನೆಗಳ ಇಲಾಖೆಯ ತನಿಖೆಯಲ್ಲಿ ಹೊರಬಿದ್ದ ವಿವರಗಳನ್ನು ಓದಿದರೆ, ಆ ಸಿಟ್ಟಿನ ಬೇರು ಇದ್ದದ್ದು ಪಾಳಿಯ ಲೆಕ್ಕದಲ್ಲಿ. ಸುಮಾರು 5,000 ಇದ್ದ ಕೆಲಸಗಾರರ ಸಂಖ್ಯೆ ಅಲ್ಪ ಕಾಲದಲ್ಲಿ 10,500ಕ್ಕೆ ಏರಿತ್ತು. ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಅಕ್ಟೋಬರಿನಲ್ಲಿ 8 ಗಂಟೆಯ ಪಾಳಿ 12 ಗಂಟೆಯದಾಯಿತು. ಹಾಜರಾತಿ ದಾಖಲಿಸುವ ವ್ಯವಸ್ಥೆ ಇದಕ್ಕೆ ಹೊಂದಿಕೊಳ್ಳದೆ ಕೆಟ್ಟು ಕೂತಿತ್ತು. ಜನ ದುಡಿದ ಗಂಟೆ ಒಂದು, ಸಂಬಳ ಚೀಟಿಯಲ್ಲಿ ಬಂದದ್ದು ಇನ್ನೊಂದು. ಕೆಲಸದ ವೇಳೆಯ ನಿರ್ವಹಣೆ ಸರಿಯಿರಲಿಲ್ಲ, ಅದರಿಂದಾಗಿ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೆಲವರಿಗೆ ಸಂಬಳ ತಡವಾಯಿತು ಎಂದು ಆ್ಯಪಲ್ ಕಂಪನಿಯೇ ಹೇಳಿತು. ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ಕೆಲಕಾಲ ನಿಲ್ಲಿಸಿತು.

ಪಾಳಿ ಬದಲಿಸುವುದು ಅಷ್ಟು ಸಲೀಸೇ ಎಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯನ್ನು ತೆಗೆದು ನೋಡಿದೆ. ಓಟಿ, ಬೋನಸ್, ಪಿಎಫ್ ಬಗ್ಗೆ ನಡೆಯುವಷ್ಟು ಮಾತು ಅದರ 61ನೇ ಸೆಕ್ಷನ್ ಬಗ್ಗೆ ಎಲ್ಲೂ ನಡೆಯುವುದಿಲ್ಲ. ಯಾವ ದಿನ ಯಾವ ಹೊತ್ತಿಗೆ ಯಾರ ಕೆಲಸ ಎಂಬುದನ್ನು ಮೊದಲೇ ಬರೆದು ತೂಗುಹಾಕಬೇಕು ಎನ್ನುತ್ತಿತ್ತು ಅದು. ಇಂಥ ನೋಟಿಸು ಎಲ್ಲಿರಬೇಕೆಂಬುದನ್ನೂ ಕಾಯ್ದೆ ಬಿಟ್ಟಿರಲಿಲ್ಲ: ಮುಖ್ಯ ಬಾಗಿಲಲ್ಲಿ ಅಥವಾ ಅದರ ಹತ್ತಿರ, ಕಣ್ಣಿಗೆ ಬೀಳುವಂತೆ, ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ. ಪಾಳಿ ಪದ್ಧತಿ ಬದಲಿಸುವ ಮುನ್ನ ಇನ್‌ಸ್ಪೆಕ್ಟರಿಗೆ ಎರಡು ಪ್ರತಿ ಹೋಗಬೇಕಿತ್ತು. ಒಮ್ಮೆ ಬದಲಿಸಿದ ಮೇಲೆ, ಅವರ ಪೂರ್ವಾನುಮತಿ ಇಲ್ಲದೆ ವಾರದೊಳಗೆ ಮತ್ತೆ ಕೈಹಾಕುವಂತಿರಲಿಲ್ಲ. ಬೋರ್ಡಿನಲ್ಲಿ ಬರೆಯದ ಹೊತ್ತಿನಲ್ಲಿ ಯಾರನ್ನೂ ದುಡಿಸಕೂಡದು ಎಂದು 63ನೇ ಸೆಕ್ಷನ್ ಬೀಗ ಜಡಿದಿತ್ತು. ಪಾಳಿ ಹಂಚಿಕೆ ಸುಧಾರಿಸುವ ಮಾತು ಬಂದಾಗಲೆಲ್ಲ ಹೊಸ ಸಾಫ್ಟ್‌ವೇರ್ ಕಡೆ ಬೆರಳು ತೋರಿಸುತ್ತಾರೆ. ನನ್ನ ಪ್ರಕಾರ ಆ ಒಂದು ಹಾಳೆಗಿಂತ ದೊಡ್ಡ ಸುಧಾರಣೆ ಈವರೆಗೆ ಬಂದಿಲ್ಲ.

ಬೆಂಗಳೂರಿನ ಉತ್ತರದ ಅಂಚು ಬೆಳೆದದ್ದೇ ಈ ಹಾಳೆಯ ಲೆಕ್ಕದಲ್ಲಿ. 1953ರಲ್ಲಿ ಜಾಲಹಳ್ಳಿಗೆ ಎಚ್‌ಎಂಟಿ, ಮರುವರ್ಷ ಬಿಇಎಲ್, 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ವಾಚ್ ಫ್ಯಾಕ್ಟರಿ. ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ಜನರಲ್ ಶಿಫ್ಟ್ ಎಂಬ ಮಾತು ಸುತ್ತಲಿನ ಮನೆಗಳ ಅಡುಗೆಯ ಹೊತ್ತನ್ನೂ ಮಕ್ಕಳ ಟ್ಯೂಷನ್ನನ್ನೂ ಗೊತ್ತುಮಾಡಿತು. ಇಂಥ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತ ಪೀಣ್ಯ ಬೆಳೆಯಿತು. ಅಲ್ಲಿನ ಸಣ್ಣ ಶೆಡ್ಡುಗಳಲ್ಲಿ ಪಾಳಿಯನ್ನು ಗೊತ್ತುಮಾಡಿದ್ದು ಕರೆಂಟು. ಲೋಡ್ ಶೆಡ್ಡಿಂಗ್ ಕಾಲದಲ್ಲಿ ಕರೆಂಟು ಬಂದಾಗ ಲೇತ್ ತಿರುಗಬೇಕು, ರಿಲೀವರ್ ಬಾರದಿದ್ದರೆ ಇದ್ದವನೇ ಮುಂದುವರಿಯಬೇಕು. ಎರಡೇ ಪಾಳಿ, ತಲಾ 12 ಗಂಟೆ ಎಂಬ ರೂಢಿ ಅನೇಕ ಕಡೆ ಬೇರುಬಿಟ್ಟಿತು. ದಿನಕ್ಕೆ 9, ವಾರಕ್ಕೆ 48 ಗಂಟೆ ದಾಟಿದರೆ ದುಪ್ಪಟ್ಟು ಕೂಲಿ ಎಂಬ ಕಾಯ್ದೆಯ ಮಾತು ಸಣ್ಣ ಶೆಡ್ಡಿನ ಒಳಗೆ ಎಷ್ಟು ಕೇಳಿಸುತ್ತಿತ್ತೆಂದು ಅಲ್ಲಿ ದುಡಿದವರಿಗೆ ಗೊತ್ತು.

ಪೂರ್ವದ ಅಂಚಿನ ಕಥೆಗೆ ನನಗೆ ಬಹಳ ಇಷ್ಟದ ತಿರುವೊಂದಿದೆ. ಹಳೇ ಮದ್ರಾಸ್ ರಸ್ತೆಯ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆ ಟೆಲಿಫೋನ್ ಎಕ್ಸ್‌ಚೇಂಜ್ ಉಪಕರಣ ಮಾಡುತ್ತಿತ್ತು. ಎಕ್ಸ್‌ಚೇಂಜಿಗೆ ಎಷ್ಟು ಲೈನು ಬೇಕೆಂಬ ಲೆಕ್ಕಕ್ಕೆ ಎಂಜಿನಿಯರುಗಳು ಬಳಸುವ ಅಳತೆಯ ಹೆಸರು ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ.ಕೆ. ಎರ್ಲಾಂಗ್ 1909ರಲ್ಲೂ 1917ರಲ್ಲೂ ಪ್ರಕಟಿಸಿದ ಲೆಕ್ಕ ಅದರ ಮೂಲ. ಅದೇ ರಸ್ತೆಯಲ್ಲಿ ಮುಂದೆ ಹೋಗಿ ವೈಟ್‌ಫೀಲ್ಡ್ ಸೇರಿದರೆ, 2000ದ ಈಚೆಗೆ ತಲೆಯೆತ್ತಿದ ಕಾಲ್ ಸೆಂಟರುಗಳು ಅದೇ ಸೂತ್ರದಿಂದ ಜನರನ್ನು ಎಣಿಸತೊಡಗಿದ್ದವು. ಅರ್ಧರ್ಧ ಗಂಟೆಗೆ ಎಷ್ಟು ಕರೆ ಬರಬಹುದು, ನೂರರಲ್ಲಿ 80 ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕಾದರೆ ಎಷ್ಟು ಮಂದಿ ಕುರ್ಚಿಯಲ್ಲಿರಬೇಕು, ಊಟಕ್ಕೆ ಎದ್ದವರೆಷ್ಟು, ರಜೆ ಹಾಕಿದವರೆಷ್ಟು. ಅಲ್ಲಿಂದ ಹುಟ್ಟಿತು ರೋಸ್ಟರ್. ಮೂರು ಪಾಳಿಗಳ ಹಳೆಯ ಕಟ್ಟು ಒಡೆದು ಲಾಗಿನ್ ಸಮಯಗಳು ಚೂರುಚೂರಾದವು. ಅಮೆರಿಕದಲ್ಲಿ ಮಾರ್ಚ್ ಮತ್ತು ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಆಚೀಚೆ ಮಾಡುತ್ತಾರೆ. ಆ ವಾರ ನ್ಯೂಯಾರ್ಕಿನ 9 ಗಂಟೆ ವೈಟ್‌ಫೀಲ್ಡಿನ ಸಂಜೆ ಏಳೂವರೆಯಿಂದ ಆರೂವರೆಗೋ, ಆರೂವರೆಯಿಂದ ಏಳೂವರೆಗೋ ಜಿಗಿಯುತ್ತದೆ. ಕ್ಯಾಬು, ಊಟ, ನಿದ್ದೆ, ಮಗುವನ್ನು ನೋಡಿಕೊಳ್ಳುವ ಅಜ್ಜಿಯ ಹೊತ್ತು, ಎಲ್ಲವೂ ಅದರ ಹಿಂದೆ ಸರಿಯಬೇಕು.

ಈ ರಾತ್ರಿಗಳಿಗೆ ಹೆಣ್ಣುಮಕ್ಕಳು ಬಂದದ್ದು ಕಾನೂನಿನ ಬಾಗಿಲು ತೆರೆದ ಮೇಲೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಮಹಿಳೆಯರ ರಾತ್ರಿ ಕೆಲಸವನ್ನು ತಡೆದಿತ್ತು. ವಾಹನ, ಭದ್ರತೆ ಎರಡನ್ನೂ ಕೊಡಬೇಕೆಂಬ ಷರತ್ತಿನ ಮೇಲೆ 2002ರ ತಿದ್ದುಪಡಿ ಐಟಿ ಕಂಪನಿಗಳಿಗೆ ವಿನಾಯಿತಿಯ ದಾರಿ ಮಾಡಿತು. 2005ರ ಡಿಸೆಂಬರಿನಲ್ಲಿ ಎಚ್‌ಪಿ ಗ್ಲೋಬಲ್‌ಸಾಫ್ಟ್‌ನ ಉದ್ಯೋಗಿಯೊಬ್ಬರನ್ನು ರಾತ್ರಿ ಪಾಳಿಗೆ ಕರೆದೊಯ್ಯುವ ನೆಪದಲ್ಲಿ ಕ್ಯಾಬ್ ಚಾಲಕನೊಬ್ಬ ಕೊಂದ. ಅಂದು ಅವರನ್ನು ಕರೆದೊಯ್ಯಬೇಕಿದ್ದ ಚಾಲಕನೇ ಬೇರೆ. ಕಂಪನಿಯ ಮುಖ್ಯಸ್ಥರ ಮೇಲೆ ಇದೇ 25ನೇ ಸೆಕ್ಷನ್ ಅಡಿ ಕೇಸು ಬಿತ್ತು. ಅದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು, 2008ರಲ್ಲಿ ಕೋರ್ಟ್ ಅದನ್ನು ರದ್ದುಮಾಡಲು ಒಪ್ಪಲಿಲ್ಲ. ಮೊದಲ ಪಿಕಪ್ಪೂ ಕೊನೆಯ ಡ್ರಾಪೂ ಮಹಿಳೆಯದಾಗಬಾರದು, ಆಗುವುದಾದರೆ ಗಾರ್ಡ್ ಇರಬೇಕು ಎಂಬ ನಿಯಮ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಗಟ್ಟಿಯಾದದ್ದು ಆ ಸಾವಿನ ನಂತರ. ಯಾರ ಲಾಗಿನ್ ಎಷ್ಟು ಹೊತ್ತಿಗೆ ಎಂಬುದನ್ನು ಯಾರು ಯಾರ ಕ್ಯಾಬಿನಲ್ಲಿ ಎಂಬುದರ ಜೊತೆಗೇ ಕೂಡಿಸಿ ಬರೆಯಬೇಕಾಯಿತು. ಒಂದು ಜೀವ ಹೋಗುವತನಕ ಇದು ಯಾರ ಪಟ್ಟಿಯಲ್ಲೂ ಕಡ್ಡಾಯವಾಗಿರಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಮತ್ತೆ 2020ಕ್ಕೆ ಬರೋಣ. ನರಸಾಪುರಕ್ಕಿಂತ ಮೊದಲು, ಮೇ 22ರಂದು, ಲಾಕ್‌ಡೌನ್ ನೆಪದಲ್ಲಿ ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು: ಕಾರ್ಖಾನೆಗಳಲ್ಲಿ ದಿನಕ್ಕೆ 10, ವಾರಕ್ಕೆ 60 ಗಂಟೆ ದುಡಿಸಬಹುದು. ಆಧಾರ, ಸಾರ್ವಜನಿಕ ತುರ್ತುಸ್ಥಿತಿಯಲ್ಲಿ ವಿನಾಯಿತಿ ಕೊಡುವ, ಕಾರ್ಖಾನೆಗಳ ಕಾಯ್ದೆಯ 5ನೇ ಸೆಕ್ಷನ್. ಆ ತುರ್ತುಸ್ಥಿತಿಗೆ ಕಾಯ್ದೆಯೇ ಕೊಟ್ಟ ಅರ್ಥ ಯುದ್ಧ, ಹೊರಗಿನ ಆಕ್ರಮಣ ಅಥವಾ ಒಳಗಿನ ಗಲಭೆಯಿಂದ ದೇಶದ ಭದ್ರತೆಗೆ ಬರುವ ಅಪಾಯ. ವಿಷಯ ಹೈಕೋರ್ಟಿಗೆ ಹೋಯಿತು, ಜೂನ್ 11ರಂದು ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. ಗುಜರಾತಿನ ಇಂಥದೇ ಆದೇಶವನ್ನು ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ರದ್ದುಮಾಡಿತು. ಅದೇ ಅಕ್ಟೋಬರಿನಲ್ಲಿ ನರಸಾಪುರದ ಪಾಳಿ 12 ಗಂಟೆಯದಾಯಿತು!

ಆಮೇಲೆ 12 ಗಂಟೆ ಕಾನೂನಿನೊಳಕ್ಕೇ ಬಂತು. ವಾರಕ್ಕೆ 48 ಗಂಟೆ ದಾಟದಂತೆ ದಿನಕ್ಕೆ 12ರವರೆಗೆ ದುಡಿಸಲು ಕಾರ್ಖಾನೆಗಳ ಕಾಯ್ದೆಯ 2023ರ ಕರ್ನಾಟಕ ತಿದ್ದುಪಡಿ ಅವಕಾಶ ಕೊಟ್ಟಿತು. ಐಟಿ ನೌಕರರ ದಿನವನ್ನೂ ಉದ್ದ ಮಾಡುವ ಪ್ರಸ್ತಾವ 2024ರಲ್ಲಿ ಬಂತು, 2025ರಲ್ಲಿ ಬೇರೆ ರೂಪದಲ್ಲಿ ಮತ್ತೆ ಬಂತು. ಎರಡು ಸಲವೂ ಐಟಿ ನೌಕರರ ಸಂಘ ಕಿಟು ಬೀದಿಗಿಳಿಯಿತು. ಜಗಳವೆಲ್ಲ ಗಂಟೆಗಳ ಸಂಖ್ಯೆಯ ಮೇಲೆ ನಡೆಯುತ್ತಿದೆ, ನಡೆಯಲೇಬೇಕು. ಆದರೆ ಪಟ್ಟಿ ಗೇಟು ಬಿಟ್ಟು ಮೊಬೈಲ್ ಸೇರಿದ್ದರ ಬಗ್ಗೆ ಯಾರೂ ದನಿಯೆತ್ತುತ್ತಿಲ್ಲ. ರಾತ್ರಿ ಹತ್ತಕ್ಕೆ ಮೆಸೇಜು ಬರುತ್ತದೆ, ನಾಳೆ ಜನರಲ್ ಇದ್ದವರು ಫಸ್ಟ್ ಶಿಫ್ಟಿಗೆ ಬರಬೇಕು. ಹಳೆಯ ಪಟ್ಟಿಯ ಮೇಲೆ ಹೊಸದು ಕೂತಿರುತ್ತದೆ, ನಿನ್ನೆ ಏನಿತ್ತೆಂದು ತೋರಿಸಲು ಕೆಲಸಗಾರನ ಕೈಯಲ್ಲಿ ಏನೂ ಉಳಿಯುವುದಿಲ್ಲ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಔದ್ಯೋಗಿಕ ಸುರಕ್ಷತೆಯ ಸಂಹಿತೆಯ 31ನೇ ಸೆಕ್ಷನ್ನಿನಲ್ಲಿ ಆ ಹಳೆಯ ನೋಟಿಸು ಇನ್ನೂ ಜೀವಂತವಾಗಿದೆ, ಕಾರ್ಖಾನೆಯಾಚೆಗಿನ ಸಂಸ್ಥೆಗಳಿಗೂ ಚಾಚಿಕೊಂಡಿದೆ. ಅದರ ನಮೂನೆ ಹೇಗಿರಬೇಕು, ಎಲ್ಲಿ ಹೇಗೆ ಹಾಕಬೇಕು ಎಂಬುದು ಸರ್ಕಾರದ ನಿಯಮಕ್ಕೆ ಬಿಟ್ಟ ಮಾತು. ಮೊಬೈಲಿಗೆ ಬರುವ ಪಟ್ಟಿಗೂ ಆ ನಿಯಮ ಕಟ್ಟು ಹಾಕಬೇಕು. ಅದು ಕನ್ನಡದಲ್ಲಿರಲಿ, ವಾರ ಮುಂಚೆ ಬರಲಿ, ಬದಲಾದರೆ ಹಳೆಯದು ಅಳಿಯದೆ ತಾರೀಖಿನ ಸಮೇತ ಉಳಿಯಲಿ. ಗೇಟಿನ ಪಕ್ಕದ ಹಾಳೆಯೂ ಇರಲಿ. ಚಾರ್ಜು ಮುಗಿದ ಮೊಬೈಲ್ ಹಿಡಿದು ರಾತ್ರಿ ಪಾಳಿಗೆ ಬರುವವರು ಪೀಣ್ಯದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.